ಹನ್ನೊಂದು ಕಿಲೋಮೀಟರ್ ಎತ್ತರದ ಬಚ್ಚಲುಮನೆ

1967ರಲ್ಲಿ ಏರ್ ಇಂಡಿಯಾ ತನ್ನ ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಉಡುಗೊರೆಯಾಗಿ ಕೊಡಲು ಪಿಂಗಾಣಿಯ ಆಶ್‌ಟ್ರೇಗಳನ್ನು ಮಾಡಿಸಿತು. ವಿನ್ಯಾಸ ಮಾಡಿದವರು ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ. ಬಟ್ಟಲನ್ನು ಹೊತ್ತ ಕಾಲುಗಳಲ್ಲಿ ಹಂಸದ ತಲೆ. ತಲೆಕೆಳಗು ಮಾಡಿ ನೋಡಿದರೆ ಅದೇ ಆನೆಯ ತಲೆ. ಸಂಭಾವನೆಯ ಮಾತು ಬಂದಾಗ ಡಾಲಿ ದುಡ್ಡು ಕೇಳಲಿಲ್ಲ, ಒಂದು ಮರಿಯಾನೆ ಬೇಕು ಎಂದರು. ಏರ್ ಇಂಡಿಯಾದವರು ಹಿಂದೆಮುಂದೆ ನೋಡದೆ ಬೆಂಗಳೂರಿನಿಂದ ಮರಿಯಾನೆಯೊಂದನ್ನು ಮಾವುತನ ಸಮೇತ ಜಿನೀವಾಕ್ಕೆ ವಿಮಾನದಲ್ಲಿ ಕಳಿಸಿಕೊಟ್ಟರು. ಅಲ್ಲಿಂದ ಅದು ಲಾರಿಯೇರಿ ಸ್ಪೇನಿನ ಕಡಲತಡಿಯ ಕಡಾಕೆಸ್ ಊರನ್ನು ಸೇರಿತು.

ಆ ಕಾಲದ ಫಸ್ಟ್ ಕ್ಲಾಸಿನಲ್ಲಿ ಉಪಚಾರ ಧಾರಾಳವಾಗಿತ್ತು, ಸೀಟು ಮಾತ್ರ ಇಂದಿನ ಕಣ್ಣಿಗೆ ಸಾಧಾರಣ. ಅಗಲವಾದ ಒಂದು ಒರಗುಕುರ್ಚಿ, ಅಷ್ಟೇ. ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಇರಲಿಲ್ಲ, ಬಾಗಿಲು ಇರಲಿಲ್ಲ. ಈಗ ಆಶ್‌ಟ್ರೇಗಾಗಿ ಆನೆ ಕೊಡುವವರಿಲ್ಲ. ಬದಲಿಗೆ ಕೋಣೆಯಿದೆ, ಮಂಚವಿದೆ, ಕೆಲವು ವಿಮಾನಗಳಲ್ಲಿ ಸ್ನಾನಕ್ಕೆ ಬಿಸಿನೀರೂ ಇದೆ. ಇಷ್ಟೆಲ್ಲ ಬಂದ ಮೇಲೂ ಫಸ್ಟ್ ಕ್ಲಾಸ್ ಎಂಬುದು ಜಗತ್ತಿನ ವಿಮಾನಗಳಿಂದ ಒಂದೊಂದಾಗಿ ಮರೆಯಾಗುತ್ತಿದೆ. ಅದನ್ನು ಅಟ್ಟುತ್ತಿರುವವರು ಬಡವರೇನಲ್ಲ. ಅದರ ಹಿಂದಿನ ಸಾಲಿನಲ್ಲೇ ಕೂತಿರುವ ಬಿಸಿನೆಸ್ ಕ್ಲಾಸಿನವರು.

ಮೊದಮೊದಲು ವಿಮಾನದಲ್ಲಿ ದರ್ಜೆಗಳ ಗೊಡವೆಯೇ ಇರಲಿಲ್ಲ. ಹತ್ತುವವರೆಲ್ಲ ಉಳ್ಳವರೇ. 1939ರಲ್ಲಿ ಅಮೆರಿಕದ ಪ್ಯಾನ್ ಆಮ್ ಕಂಪನಿ ಅಟ್ಲಾಂಟಿಕ್ ದಾಟಿಸುತ್ತಿದ್ದುದು ಬೋಯಿಂಗ್ 314 ಎಂಬ, ನೀರಿನ ಮೇಲೆ ಇಳಿಯುವ ವಿಮಾನದಲ್ಲಿ. ಅದರೊಳಗೆ ಮೇಜಿಗೆ ಬಟ್ಟೆ ಹಾಸಿ ಬಡಿಸುವ ಊಟದ ಕೋಣೆ, ರಾತ್ರಿ ಮಲಗಲು ಬರ್ತ್‌ಗಳು, ಬಾಲದ ತುದಿಯಲ್ಲಿ ನವದಂಪತಿಗಳಿಗೆಂದೇ ಒಂದು ಕೋಣೆ. ಪ್ರೊಪೆಲ್ಲರುಗಳ ಸದ್ದು ಬಾಲದ ಕಡೆ ಕಡಿಮೆ. ಜೆಟ್ ವಿಮಾನ ಬಂದ ಮೇಲೆ ಗದ್ದಲ ಹಿಂದಕ್ಕೆ ಸರಿಯಿತು, ಹಣವಂತರು ಮೂಗಿನ ಕಡೆಗೆ ಬಂದರು.

ಭಾರತದಿಂದ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಮೊದಲ ಸಲ ಹೊರದೇಶಕ್ಕೆ ಹಾರಿದ್ದು 1948ರ ಜೂನ್ 8ರಂದು. ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್‌ಸ್ಟೆಲೇಶನ್ ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ ತಲುಪಿತು. ಅಗ್ಗದ ದರ್ಜೆ ಹುಟ್ಟಿದ್ದು ಆಮೇಲೆ. 1952ರಲ್ಲಿ ಅಟ್ಲಾಂಟಿಕ್ ದಾರಿಯಲ್ಲಿ ‘ಟೂರಿಸ್ಟ್’ ದರ ಜಾರಿಗೆ ಬಂತು, 1958ರಲ್ಲಿ ‘ಎಕಾನಮಿ’. ಅಲ್ಲಿಯ ತನಕ ಬರೀ ವಿಮಾನ ಪ್ರಯಾಣವಾಗಿದ್ದದ್ದಕ್ಕೆ ಅಂದಿನಿಂದ ಫಸ್ಟ್ ಕ್ಲಾಸ್ ಎಂದು ಹೆಸರು ಹೇಳಬೇಕಾಯಿತು. 1971ರಲ್ಲಿ ಏರ್ ಇಂಡಿಯಾದ ಮೊದಲ ಜಂಬೊ ಜೆಟ್ ‘ಎಂಪರರ್ ಅಶೋಕ’ ಬಂದಾಗ ಅದರ ಕಿಟಕಿಗಳ ಸುತ್ತ ಅರಮನೆಯ ಕಮಾನುಗಳ ಚಿತ್ತಾರ ಬರೆಸಲಾಗಿತ್ತು. ಮಹಡಿ ಹತ್ತಿದರೆ ಫಸ್ಟ್ ಕ್ಲಾಸಿನವರಿಗೆ ಹರಟೆಯ ಪಡಸಾಲೆ.

ಪೈಪೋಟಿ ಶುರುವಾದದ್ದು ಹಾಸಿಗೆಯಿಂದ. 1970ರ ದಶಕದ ಕೊನೆಗೆ ಬಿಸಿನೆಸ್ ಕ್ಲಾಸ್ ಎಂಬ ಮಧ್ಯದ ದರ್ಜೆ ಹುಟ್ಟಿಕೊಂಡಾಗ ಅದು ಎಕಾನಮಿಗಿಂತ ತುಸು ವಾಸಿ ಎಂಬಂತಿತ್ತು. 1990ರ ದಶಕದ ಮಧ್ಯದಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ಫಸ್ಟ್ ಕ್ಲಾಸಿಗೆ ಪೂರ್ತಿ ಚಪ್ಪಟೆಯಾಗುವ ಸೀಟು ಹಾಕಿತು. ಬಟ್ಟೆ ಬದಲಿಸಿ, ಕಾಲು ಚಾಚಿ ನಿದ್ದೆ ಮಾಡಬಹುದು ಎಂಬುದೇ ಆಗ ಸುದ್ದಿ. ಆದರೆ 2000ನೇ ಇಸವಿಯಲ್ಲಿ ಅದೇ ಕಂಪನಿ ಬಿಸಿನೆಸ್ ಕ್ಲಾಸಿಗೂ ಚಪ್ಪಟೆ ಹಾಸಿಗೆ ಕೊಟ್ಟಿತು. ಐದೇ ವರ್ಷದೊಳಗೆ ಮುಂದಿನವರ ಮಂಚ ಹಿಂದಿನವರಿಗೂ ಸಿಕ್ಕಿತು. ಹಾಸಿಗೆ ಇಬ್ಬರಿಗೂ ಇದ್ದ ಮೇಲೆ ಎರಡು ಪಟ್ಟು ದುಡ್ಡು ಏತಕ್ಕೆ? ಫಸ್ಟ್ ಕ್ಲಾಸ್ ಹೊಸದೇನಾದರೂ ತೋರಿಸಲೇಬೇಕಿತ್ತು. ಗೋಡೆ ಕಟ್ಟಿ ಬಾಗಿಲು ಇಟ್ಟಿತು.

2007ರ ಅಕ್ಟೋಬರ್ 25ರಂದು ಎರಡು ಅಂತಸ್ತಿನ ಏರ್‌ಬಸ್ ಎ380 ಮೊದಲ ಬಾರಿಗೆ ಪ್ರಯಾಣಿಕರನ್ನು ಹೊತ್ತು ಸಿಂಗಪುರದಿಂದ ಸಿಡ್ನಿಗೆ ಹಾರಿತು. ಸಿಂಗಪುರ್ ಏರ್‌ಲೈನ್ಸ್ ಅದರಲ್ಲಿ ಹನ್ನೆರಡು ‘ಸ್ವೀಟ್’ಗಳನ್ನು ಮಾಡಿತ್ತು. ಸರಿಸುವ ಬಾಗಿಲು, ಸೀಟಿನಿಂದ ಬೇರೆಯಾಗಿ ಗೋಡೆಯಿಂದ ಬಿಚ್ಚಿಕೊಳ್ಳುವ ಹಾಸಿಗೆ. ನಡುವಿನ ಎರಡು ಕೋಣೆಗಳ ಮಧ್ಯದ ತಡಿಕೆ ಇಳಿಸಿದರೆ ಜೋಡಿಮಂಚ. ಆ ಮೊದಲ ಹಾರಾಟದ ಸೀಟುಗಳನ್ನು ಧರ್ಮಕಾರ್ಯಕ್ಕಾಗಿ ಇಂಟರ್‌ನೆಟ್ಟಿನಲ್ಲಿ ಹರಾಜು ಹಾಕಿದಾಗ ಒಬ್ಬರು ಎರಡು ಸ್ವೀಟ್‌ಗಳಿಗೆ 1 ಲಕ್ಷ ಡಾಲರಿಗೂ ಮೀರಿ ಕೊಟ್ಟರು. ಜೋಡಿಮಂಚದ ಸುದ್ದಿ ಹರಡುತ್ತಲೇ ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಎದ್ದಿತು. ಗೋಡೆಗಳು ಸದ್ದು ತಡೆಯುವಂಥವಲ್ಲ, ಉಳಿದ ಪ್ರಯಾಣಿಕರಿಗೆ ಮುಜುಗರವಾಗದಂತೆ ಇರಬೇಕು ಎಂದು ಕಂಪನಿಯೇ ಬಹಿರಂಗವಾಗಿ ಕೋರಬೇಕಾಯಿತು. ಹತ್ತು ವರ್ಷದ ನಂತರ ಅದೇ ಕಂಪನಿ ಹನ್ನೆರಡನ್ನು ಆರಕ್ಕೆ ಇಳಿಸಿ, ಮಹಡಿಗೆ ಒಯ್ದು, ಒಂದೊಂದನ್ನೂ ಸುಮಾರು 50 ಚದರಡಿಗೆ ಹಿಗ್ಗಿಸಿತು.

ಬಾಗಿಲೂ ಹೆಚ್ಚು ಕಾಲ ಫಸ್ಟ್ ಕ್ಲಾಸಿನ ಸ್ವತ್ತಾಗಿ ಉಳಿಯಲಿಲ್ಲ. 2017ರಲ್ಲಿ ಕತಾರ್ ಏರ್‌ವೇಸ್ ಬಿಸಿನೆಸ್ ಕ್ಲಾಸಿಗೇ ಬಾಗಿಲು ಹಾಕಿತು.

ಮುಂದಿನವರು ಹಿಂದಿನವರಿಗೆ ಸಿಗದಂಥದ್ದನ್ನು ಹುಡುಕುತ್ತಾ ಹೋದ ದಾರಿಯಲ್ಲೇ ಬಚ್ಚಲುಮನೆ ಸಿಗುತ್ತದೆ. ದುಬೈನ ಎಮಿರೇಟ್ಸ್ 2008ರಲ್ಲಿ ತನ್ನ ಎ380 ವಿಮಾನದ ಮಹಡಿಯ ಮುಂತುದಿಯಲ್ಲಿ ಎರಡು ಸ್ನಾನದ ಕೋಣೆಗಳನ್ನು ಕಟ್ಟಿಸಿತು. ಫಸ್ಟ್ ಕ್ಲಾಸಿನಲ್ಲಿ ಹದಿನಾಲ್ಕು ಸೀಟು, ಹದಿನಾಲ್ಕು ಮಂದಿಗೆ ಎರಡು ಬಚ್ಚಲು. ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೋಣೆಯಲ್ಲಿ ಅರ್ಧ ಗಂಟೆಯ ಆಸುಪಾಸು ಇರಬಹುದು, ನೀರು ಮಾತ್ರ ಐದೇ ನಿಮಿಷ. ನಡುವೆ ನಿಲ್ಲಿಸಿ ಸೋಪು ಹಚ್ಚಿಕೊಂಡು ಮತ್ತೆ ಬಿಟ್ಟುಕೊಳ್ಳಬಹುದು. ಎಷ್ಟು ಉಳಿದಿದೆ ಎಂದು ಗೋಡೆಯ ಮೇಲಿನ ದೀಪ ಬಣ್ಣ ಬದಲಿಸುತ್ತಾ ಹೇಳುತ್ತದೆ. ಸಾವಿರಾರು ಕಿಲೋಮೀಟರ್ ದೂರ ಈ ಸ್ನಾನದ ನೀರನ್ನು ಹೊತ್ತೊಯ್ಯಲು ಇಂಧನ ಸುಡಬೇಕು, ಪ್ರತಿ ಲೀಟರಿಗೆ ಒಂದು ಕಿಲೋ ಭಾರ. ಎಂಜಿನಿಯರುಗಳ ದೃಷ್ಟಿಯಿಂದ ಇದು ಹುಚ್ಚಾಟ. ಜಾಹೀರಾತಿನವರ ದೃಷ್ಟಿಯಿಂದ ಇಷ್ಟು ಅಗ್ಗದ ಪ್ರಚಾರ ಬೇರೆ ಇಲ್ಲ: ಹದಿನಾಲ್ಕು ಜನ ಸ್ನಾನ ಮಾಡುತ್ತಾರೆ, ಜಗತ್ತೆಲ್ಲ ಅದರ ಮಾತಾಡುತ್ತದೆ.

ಇದೇ ಎ380 ವಿಮಾನ 2022ರ ಅಕ್ಟೋಬರ್ 14ರಂದು ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ ಬಂದಿಳಿಯಿತು. ಅಂದು ಸುದ್ದಿವಾಹಿನಿಗಳು ಒಳಗಿನ ಬಾರ್ ಕೌಂಟರನ್ನೂ ಬಚ್ಚಲನ್ನೂ ತೋರಿಸಿದ್ದೇ ತೋರಿಸಿದ್ದು. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆಯ ಹಾದಿ; ಸ್ನಾನ, ಊಟ, ನಿದ್ದೆ ಮೂರಕ್ಕೂ ಪುರುಸೊತ್ತು ಸಾಲದು. ಈ ಸೌಕರ್ಯಗಳಿಗೆ ಅರ್ಥ ಬರುವುದು ದುಬೈನಿಂದ ಮುಂದೆ ನ್ಯೂಯಾರ್ಕಿಗೋ ಸಿಡ್ನಿಗೋ ಹದಿನಾಲ್ಕು ಗಂಟೆ ಹಾರುವಾಗ.

ಎಲ್ಲರನ್ನೂ ಮೀರಿಸಿದ್ದು ಅಬುಧಾಬಿಯ ಎತಿಹಾದ್. 2014ರ ಕೊನೆಯಲ್ಲಿ ಅದು ತನ್ನ ಎ380ರಲ್ಲಿ ‘ದಿ ರೆಸಿಡೆನ್ಸ್’ ಎಂಬ ಮೂರು ಕೋಣೆಯ ಮನೆಯನ್ನೇ ಇಟ್ಟಿತು. 125 ಚದರಡಿ, ಒಬ್ಬರು ಅಥವಾ ಇಬ್ಬರಿಗೆ ಮಾತ್ರ. ಕೂರುವ ಕೋಣೆ, ಮಲಗುವ ಕೋಣೆ, ಸ್ವಂತ ಬಚ್ಚಲು, ಲಂಡನ್ನಿನ ಸವಾಯ್ ಹೋಟೆಲಿನ ಕಡೆಯಿಂದ ತರಬೇತಾದ ಬಟ್ಲರ್. ಅಬುಧಾಬಿಯಿಂದ ಲಂಡನ್ನಿಗೆ ಒಂದು ಕಡೆಯ ದರ 20 ಸಾವಿರ ಡಾಲರಿನ ಆಸುಪಾಸು. ಕೊರೊನಾ ಬಂದಾಗ ಆ ವಿಮಾನಗಳು ಮೂಲೆ ಸೇರಿದವು, 2023ರಲ್ಲಿ ಮತ್ತೆ ಹಾರತೊಡಗಿದವು.

ಇಷ್ಟು ದುಡ್ಡಿಗೂ ಬಗ್ಗದ ಕೆಲವು ಸಂಗತಿಗಳು ವಿಮಾನದಲ್ಲಿವೆ. ಮೊದಲನೆಯದು ಗಾಳಿ. ವಿಮಾನ ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮಟ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಎಂದರೆ ಲಕ್ಷಗಟ್ಟಲೆ ಕೊಟ್ಟವರೂ ಕೊನೆಯ ಸಾಲಿನ ಮಧ್ಯದ ಸೀಟಿನವರೂ ಕರ್ನಾಟಕದ ಅತಿ ಎತ್ತರದ ತುದಿಯಲ್ಲೋ ಅದಕ್ಕೂ ಮೇಲೋ ಕೂತಂತೆಯೇ ಉಸಿರಾಡುತ್ತಾರೆ. ತೇವವಂತೂ ಶೇ. 10ರಿಂದ 20, ಮರುಭೂಮಿಗೆ ಸಮ. ಮೂಗು ಒಣಗುವುದು, ತುಟಿ ಬಿರಿಯುವುದು ಎರಡೂ ಕಡೆ ಒಂದೇ. ಮುಂದಿನವರಿಗೆ ಚರ್ಮದ ಕ್ರೀಮು ಒಳ್ಳೆಯ ಕಂಪನಿಯದು ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಎರಡನೆಯದು ನಾಲಿಗೆ. ಜರ್ಮನಿಯ ಹೋಲ್ಟ್ಸ್‌ಕಿರ್ಶೆನ್ ಊರಿನ ಫ್ರೌನ್‌ಹೋಫರ್ ಸಂಸ್ಥೆ 2010ರ ಸುಮಾರಿಗೆ ಲುಫ್ತಾನ್ಸಾಗಾಗಿ ಒಂದು ಪ್ರಯೋಗ ಮಾಡಿತು. ನೆಲದ ಮೇಲೇ ಇಟ್ಟ ವಿಮಾನದ ತುಂಡಿನೊಳಗೆ ಒತ್ತಡ, ತೇವ ಇಳಿಸಿ, ಎಂಜಿನ್ ಸದ್ದು ಕೇಳಿಸಿ, ಜನರಿಗೆ ಊಟ ಬಡಿಸಿದರು. ಉಪ್ಪು, ಸಿಹಿಗಳ ರುಚಿ ಸುಮಾರು ಶೇ. 30ರವರೆಗೂ ಮಂಕಾಗುತ್ತದೆ ಎಂದು ತಿಳಿಯಿತು. ನೆಲದ ಮೇಲೆ ಅಷ್ಟಾಗಿ ಯಾರೂ ಕೇಳದ ಟೊಮೆಟೊ ರಸ ಆಕಾಶದಲ್ಲಿ ಏಕೆ ಅಷ್ಟು ಖರ್ಚಾಗುತ್ತದೆ ಎಂಬ ಲುಫ್ತಾನ್ಸಾದ ಹಳೆಯ ಗೋಜಲಿಗೂ ಉತ್ತರ ಸಿಕ್ಕಿತು: ಅದರ ಮಣ್ಣುವಾಸನೆ ಮೇಲೆ ಹೋದಂತೆ ಮಾಯವಾಗಿ, ಹಣ್ಣಿನ ರುಚಿ ಮುಂದೆ ಬರುತ್ತದೆ. ಏಲಕ್ಕಿಯಂಥ ಮಸಾಲೆಗಳ ರುಚಿ ಕುಂದುವುದಿಲ್ಲ. ಹೀಗಾಗಿ ಫ್ರಾನ್ಸಿನ ನವಿರಾದ ಅಡುಗೆ ಸೋಲುವ ಕಡೆ ನಮ್ಮ ಸಾರು, ಪಲ್ಯ ಗೆಲ್ಲುವ ಸಂಭವ ಹೆಚ್ಚು. ಆದರೂ ಫಸ್ಟ್ ಕ್ಲಾಸಿನ ಮೆನುಗಳಲ್ಲಿ ಮೀನಿನ ಮೊಟ್ಟೆಯ ಕ್ಯಾವಿಯರಿಗೂ ಶಾಂಪೇನಿಗೂ ಇರುವ ಮರ್ಯಾದೆ ಸಾರಿಗೆ ಇನ್ನೂ ಸಿಕ್ಕಿಲ್ಲ.

ಅಡುಗೆ ಮೇಲೆ ನಡೆಯುವುದೂ ಇಲ್ಲ. ಬೆಂಕಿ ಉರಿಸುವಂತಿಲ್ಲ, ನೆಲದ ಅಡುಗೆಮನೆಯಲ್ಲಿ ಬೇಯಿಸಿ, ತಟ್ಟನೆ ತಣ್ಣಗೆ ಮಾಡಿ, ಮೇಲೆ ಓವನ್ನಿನಲ್ಲಿ ಬಿಸಿ ಮಾಡುತ್ತಾರೆ. ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್ ತನ್ನ ಫಸ್ಟ್ ಕ್ಲಾಸಿಗಾಗಿ ರೈಸ್ ಕುಕ್ಕರ್, ಟೋಸ್ಟರ್, ಮೊಟ್ಟೆ ಹುರಿಯುವ ಬಾಣಲೆ ಒಯ್ಯುತ್ತದೆ. ಕ್ಯಾವಿಯರಿಗಿಂತ ಬಿಸಿಬಿಸಿ ಅನ್ನವೇ ದೊಡ್ಡ ಐಷಾರಾಮ ಎಂದು ಅರಿತ ಕಂಪನಿ ಅದೊಂದೇ ಇರಬೇಕು.

ಮೂರನೆಯದು ಸುರಕ್ಷತೆಯ ಕಟ್ಟಳೆ. ಎಷ್ಟೇ ಬೆಲೆಯ ಕೋಣೆಯಾದರೂ ವಿಮಾನ ಏರುವಾಗ, ಇಳಿಯುವಾಗ ಬಾಗಿಲು ತೆರೆದೇ ಇರಬೇಕು. ಮಲಗಿದವರೂ ಹೊದಿಕೆಯ ಮೇಲೆ ಬೆಲ್ಟು ಬಿಗಿದುಕೊಳ್ಳಬೇಕು, ಇಲ್ಲವಾದರೆ ವಿಮಾನ ಕುಲುಕಿದಾಗ ಗಗನಸಖಿ ಬಂದು ಎಬ್ಬಿಸುತ್ತಾಳೆ. ಒಂದು ಸೀಟು ಬಳಕೆಗೆ ಒಪ್ಪಿಗೆ ಪಡೆಯಬೇಕಾದರೆ ಗುರುತ್ವದ ಹದಿನಾರು ಪಟ್ಟು ಹೊಡೆತದ ಪರೀಕ್ಷೆಯಲ್ಲಿ ಗೆಲ್ಲಬೇಕು. ಗೋಡೆ, ಬಾಗಿಲು, ಮೋಟರು, ದೊಡ್ಡ ಟಿವಿ ಎಲ್ಲವನ್ನೂ ಹೊತ್ತ ಸ್ವೀಟ್ ಕೂಡ ಇದೇ ಪರೀಕ್ಷೆ ಬರೆಯಬೇಕು. 2017ರಲ್ಲಿ ಎಮಿರೇಟ್ಸ್ ತನ್ನ ಬೋಯಿಂಗ್ 777ಕ್ಕೆ ನೆಲದಿಂದ ಚಾವಣಿಯವರೆಗೆ ಗೋಡೆಯಿರುವ ಆರು ಕೋಣೆಗಳನ್ನು ತಂದಿತು. ನಡುವಿನ ಕೋಣೆಗಳಿಗೆ ಕಿಟಕಿಯಿಲ್ಲ. ಅದಕ್ಕಾಗಿ ಹೊರಗಿನ ಕ್ಯಾಮೆರಾದ ಚಿತ್ರವನ್ನು ಗೋಡೆಯ ಪರದೆಯ ಮೇಲೆ ಕಿಟಕಿಯ ಆಕಾರದಲ್ಲೇ ತೋರಿಸುತ್ತಾರೆ. ಮೋಡ ನಿಜ, ಕಿಟಕಿ ಸುಳ್ಳು.

ಮೇಲೆ ಮಾಡಲು ಇನ್ನೇನೂ ಉಳಿಯದಿದ್ದಾಗ ಕಂಪನಿಗಳು ನೆಲಕ್ಕೆ ಗಮನ ಕೊಟ್ಟವು. ಲುಫ್ತಾನ್ಸಾ 2004ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಫಸ್ಟ್ ಕ್ಲಾಸಿನವರಿಗೆ ಪ್ರತ್ಯೇಕ ಟರ್ಮಿನಲನ್ನೇ ಕಟ್ಟಿತು. ಭದ್ರತಾ ತಪಾಸಣೆ ಅಲ್ಲೇ, ಊಟ ಅಲ್ಲೇ, ಬೇಕೆಂದರೆ ತೊಟ್ಟಿಯಲ್ಲಿ ಸ್ನಾನವೂ ಅಲ್ಲೇ. ಸ್ನಾನ ಮಾಡಿದವರಿಗೆ ರಬ್ಬರಿನ ಬಾತುಕೋಳಿ ಉಡುಗೊರೆ. ಹೊರಡುವ ಹೊತ್ತಾದರೆ ಮರ್ಸಿಡಿಸ್ ಅಥವಾ ಪೋರ್ಶ ಕಾರು ನೇರ ವಿಮಾನದ ಬುಡಕ್ಕೆ ಒಯ್ಯುತ್ತದೆ. ಸಾಲು, ತಳ್ಳಾಟ, ಮೈಕಿನ ಕೂಗು ಯಾವುದೂ ಇಲ್ಲ. ಹಲವು ಗಂಟೆಯ ಹಾರಾಟಕ್ಕಿಂತ ವಿಮಾನ ನಿಲ್ದಾಣದ ಎರಡು ಗಂಟೆಯೇ ಹೆಚ್ಚು ಸುಸ್ತು ಮಾಡುತ್ತದೆ ಎಂಬುದು ಪದೇ ಪದೇ ಓಡಾಡುವವರ ಅನುಭವ. ಹಾಗೆ ನೋಡಿದರೆ ಸ್ವೀಟಿನ ಜೋಡಿಮಂಚಕ್ಕಿಂತ ಈ ಕಾರೇ ದುಡ್ಡಿಗೆ ಸರಿಯಾದ ಬೆಲೆ.

ಈ ಸೀಟುಗಳಲ್ಲಿ ಕೂರುವವರು ಯಾರು? ಎಲ್ಲರೂ ಕೋಟ್ಯಧೀಶರಲ್ಲ. ಕ್ರೆಡಿಟ್ ಕಾರ್ಡಿನ ಪಾಯಿಂಟು, ವಿಮಾನ ಕಂಪನಿಯ ಮೈಲು ಕೂಡಿಹಾಕಿ ಒಂದು ಸಲ ಹತ್ತಿ ನೋಡುವವರ ಪಂಗಡವೇ ಇದೆ. ಕೈಯಿಂದ ಕೊಟ್ಟು ಹೋಗುವ ಭಾರತೀಯರಿಗೆ ತೆರಿಗೆಯೂ ಜಾಸ್ತಿ: ಎಕಾನಮಿ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿನ ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18. ಇನ್ನು ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಮಾಡಿದ ವ್ಯಾಪಾರವಂತೂ ಇಂದಿಗೂ ಕತೆಯಾಗಿ ಉಳಿದಿದೆ. ದುಡ್ಡಿನ ಅಡಚಣೆಯಲ್ಲಿದ್ದ ಕಂಪನಿ 2.5 ಲಕ್ಷ ಡಾಲರ್ ಕೊಟ್ಟವರಿಗೆ ಆಜೀವ ಫಸ್ಟ್ ಕ್ಲಾಸ್ ಪಾಸು ಮಾರಿತು, ಎಷ್ಟು ಸಲ ಬೇಕಾದರೂ ಹಾರಬಹುದು. ಕೊಂಡವರು ಮಾತನ್ನು ಅಕ್ಷರಶಃ ನಂಬಿದರು. ಷಿಕಾಗೋದ ಒಬ್ಬರು ಹತ್ತು ಸಾವಿರಕ್ಕೂ ಹೆಚ್ಚು ಸಲ ಹಾರಿದರು. ಒಬ್ಬೊಬ್ಬರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರಿನಷ್ಟು ನಷ್ಟ ಎಂದು ಲೆಕ್ಕ ಸಿಕ್ಕಾಗ ಕಂಪನಿ ನಿಯಮ ಮುರಿದ ಆರೋಪ ಹೊರಿಸಿ ಕೆಲವರ ಪಾಸು ಕಿತ್ತುಕೊಂಡಿತು, ಜಗಳ ಕೋರ್ಟಿಗೆ ಹೋಯಿತು.

ಯಾರು ಎಲ್ಲಿ ಕೂರಬೇಕು ಎಂದು ಬಟ್ಟೆ ನೋಡಿ ತೀರ್ಮಾನಿಸುವ ಚಾಳಿಯೂ ಈ ಲೋಕಕ್ಕೆ ಅಂಟಿಕೊಂಡಿದೆ. ಲಂಡನ್ನಿನ ಹೀಥ್ರೊದಲ್ಲಿ ಸಲ್ವಾರ್ ಕಮೀಜ್ ತೊಟ್ಟು ಬಿಸಿನೆಸ್ ಕ್ಲಾಸಿನ ಸಾಲಿನಲ್ಲಿ ನಿಂತಿದ್ದ ಸುಧಾಮೂರ್ತಿಯವರಿಗೆ, ಇದು ನಿಮ್ಮ ಸಾಲಲ್ಲ, ಎಕಾನಮಿಯ ಕಡೆ ಹೋಗಿ ಎಂದು ಹೇಳಿದವರು ಸ್ವತಃ ಭಾರತದವರೇ ಆದ ಒಬ್ಬ ಮಹಿಳೆ. ಸುಧಾಮೂರ್ತಿಯವರು ಆ ಪ್ರಸಂಗವನ್ನು ಬರೆದ ಮೇಲೆ ಅದು ದೇಶವೆಲ್ಲ ಸುತ್ತಿತು. ಇಂಥ ಸಾಲುಗಳಲ್ಲಿ ಕಂಪನಿಯ ಸಿಬ್ಬಂದಿಗಿಂತ ಸಹಪ್ರಯಾಣಿಕರೇ ಹೆಚ್ಚು ಕಟ್ಟುನಿಟ್ಟು.

ಬೆಂಗಳೂರಿಗೂ ಒಂದು ಕಾಲದಲ್ಲಿ ತನ್ನದೇ ಐಷಾರಾಮಿ ವಿಮಾನ ಕಂಪನಿ ಇತ್ತು. 2005ರಲ್ಲಿ ಶುರುವಾದ ವಿಜಯ ಮಲ್ಯ ಅವರ ಕಿಂಗ್‌ಫಿಷರ್ ಅದೇ ವರ್ಷ ಐದು ಎ380 ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರು–ಲಂಡನ್ ಹಾರಾಟ ತೊಡಗಿದಾಗ ಅದರ ‘ಕಿಂಗ್‌ಫಿಷರ್ ಫಸ್ಟ್’ ವಿಭಾಗದಲ್ಲಿ ಚಪ್ಪಟೆ ಹಾಸಿಗೆಯೂ ನಿಂತು ಕುಡಿಯುವ ಬಾರೂ ಇದ್ದವು. ಹೆಸರಿಗೆ ಫಸ್ಟ್, ಅಳತೆಯಲ್ಲಿ ಬಿಸಿನೆಸ್. ಸಾಲದಲ್ಲಿ ಮುಳುಗಿ 2012ರಲ್ಲಿ ಕಂಪನಿ ನೆಲಕಚ್ಚಿತು, ಎ380 ಒಂದೂ ಬರಲಿಲ್ಲ. 2021ರ ಜನವರಿಯಲ್ಲಿ ನಿಜವಾದ ದೂರಹಾದಿಯ ಫಸ್ಟ್ ಕ್ಲಾಸ್ ಹೊತ್ತ ವಿಮಾನವೊಂದು ಬೆಂಗಳೂರಿಗೆ ಬಂತು. ಮಹಿಳಾ ಪೈಲಟುಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು, ಸುಮಾರು 14 ಸಾವಿರ ಕಿ.ಮೀ. ದೂರವನ್ನು ಎಲ್ಲೂ ಇಳಿಯದೆ ಕ್ರಮಿಸಿ ಬೆಂಗಳೂರಿಗೆ ಬಂದಿತು. 238 ಸೀಟುಗಳಲ್ಲಿ ಫಸ್ಟ್ ಕ್ಲಾಸಿನವು ಎಂಟು. ಈಗ ಅದೇ ಏರ್ ಇಂಡಿಯಾ ಹೊಸದಾಗಿ ತರಿಸಿದ ಎ350-900 ವಿಮಾನಗಳಲ್ಲಿ ಬಿಸಿನೆಸ್, ಪ್ರೀಮಿಯಂ ಎಕಾನಮಿ, ಎಕಾನಮಿ ಮೂರೇ ಇವೆ. ಮಹಾರಾಜನ ಲಾಂಛನದ ಕಂಪನಿಯೂ ಅಲ್ಲಿ ಫಸ್ಟ್ ಕ್ಲಾಸ್ ಕೈಬಿಟ್ಟಿದೆ.

ಕಾರಣ ಬರೀ ಜಾಗದ ಲೆಕ್ಕ. ಒಂದು ಸ್ವೀಟಿನ ಜಾಗದಲ್ಲಿ ಎರಡು ಬಿಸಿನೆಸ್ ಸೀಟು ಹಿಡಿಸಿದರೆ, ಮತ್ತು ಆ ಎರಡೂ ಪ್ರತಿದಿನ ಮಾರಾಟವಾದರೆ, ಸ್ವೀಟಿಟ್ಟುಕೊಂಡು ಖಾಲಿ ಹಾರುವುದು ದಡ್ಡತನ. ದೊಡ್ಡ ಸಂಸ್ಥೆಗಳು ಅಧಿಕಾರಿಗಳಿಗೆ ಬಿಸಿನೆಸ್ ಟಿಕೆಟ್ ಕೊಡುತ್ತವೆ, ಫಸ್ಟ್ ಎಂದರೆ ಹುಬ್ಬೇರಿಸುತ್ತವೆ. ಪರಿಸರದವರ ಕಣ್ಣೂ ಇದರ ಮೇಲಿದೆ. ಫಸ್ಟ್ ಕ್ಲಾಸಿನ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಹೊರೆ ಎಕಾನಮಿಯವನ ಒಂಬತ್ತು ಪಟ್ಟಿನವರೆಗೂ ಹೋಗಬಹುದು ಎಂದು 2013ರ ವಿಶ್ವ ಬ್ಯಾಂಕಿನ ಅಧ್ಯಯನ ಪ್ರಬಂಧ ಅಂದಾಜಿಸಿತ್ತು. ಕೆಎಲ್ಎಂ, ಡೆಲ್ಟಾ, ಯುನೈಟೆಡ್, ಟರ್ಕಿಷ್ ಒಂದೊಂದಾಗಿ ದೂರಹಾದಿಯಲ್ಲಿ ಈ ದರ್ಜೆಯನ್ನು ಬಿಟ್ಟವು. ಉಳಿಸಿಕೊಂಡವರು ಸೀಟು ಕಡಿಮೆ ಮಾಡಿ ಬೆಲೆ ಏರಿಸುವ ದಾರಿ ಹಿಡಿದರು. ಏರ್ ಫ್ರಾನ್ಸ್ 2025ರಲ್ಲಿ ತೋರಿಸಿದ ಹೊಸ ‘ಲಾ ಪ್ರಮಿಯೇರ್’ ಇರುವುದು ವಿಮಾನಕ್ಕೆ ನಾಲ್ಕೇ, ಒಬ್ಬೊಬ್ಬರಿಗೆ ಐದು ಕಿಟಕಿ.

ತಮಾಷೆಯೆಂದರೆ ಜಗತ್ತಿನ ಅತಿ ದೂರದ ಹಾರಾಟದಲ್ಲಿ ಫಸ್ಟ್ ಕ್ಲಾಸೇ ಇಲ್ಲ. ಸಿಂಗಪುರದಿಂದ ನ್ಯೂಯಾರ್ಕಿಗೆ ಸುಮಾರು 15,300 ಕಿ.ಮೀ., ಹದಿನೆಂಟು ಗಂಟೆಗೂ ಹೆಚ್ಚು. ಸ್ವೀಟುಗಳ ಹುಚ್ಚು ಹಿಡಿಸಿದ ಸಿಂಗಪುರ್ ಏರ್‌ಲೈನ್ಸೇ ಅಲ್ಲಿ 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ ಸೀಟುಗಳನ್ನಷ್ಟೇ ಒಯ್ಯುತ್ತದೆ. ಎಕಾನಮಿಯೂ ಇಲ್ಲ. ಅಷ್ಟು ದೂರಕ್ಕೆ ಇಂಧನವೇ ಭಾರ, ಹೊರುವ ಜನ ಕಡಿಮೆಯಿರಬೇಕು, ಒಬ್ಬೊಬ್ಬರೂ ಒಳ್ಳೆಯ ದರ ಕೊಡಬೇಕು.

ಆಸ್ಟ್ರೇಲಿಯಾದ ಕ್ವಾಂಟಾಸ್ ಇದಕ್ಕೆ ವಿರುದ್ಧ ಜೂಜು ಆಡುತ್ತಿದೆ. ಸಿಡ್ನಿಯಿಂದ ಲಂಡನ್ನಿಗೆ ಎಲ್ಲೂ ನಿಲ್ಲದೆ ಇಪ್ಪತ್ತು ಗಂಟೆ ಹಾರಿಸಬೇಕೆಂದು ಅದು 2022ರಲ್ಲಿ ಹನ್ನೆರಡು ಎ350-1000 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಪ್ರತಿಯೊಂದಕ್ಕೂ 20 ಸಾವಿರ ಲೀಟರಿನ ಹೆಚ್ಚುವರಿ ಇಂಧನ ಟ್ಯಾಂಕು. ಸೀಟು 238, ಅದರಲ್ಲಿ ಫಸ್ಟ್ ಕ್ಲಾಸ್ ಆರು: ಕೂರಲು ಬೇರೆ ಕುರ್ಚಿ, ಮಲಗಲು ಬೇರೆ ಹಾಸಿಗೆ. ಎಕಾನಮಿ 140. ಎಕಾನಮಿಗೂ ಪ್ರೀಮಿಯಂ ಎಕಾನಮಿಗೂ ನಡುವೆ ಸೀಟು ಹಾಕದೆ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಗೋಡೆಗೆ ಹಿಡಿಕೆಗಳಿರುತ್ತವೆ, ನೀರು, ತಿಂಡಿ ಇಟ್ಟಿರುತ್ತಾರೆ. ಕೂತು ಕೂತು ಸಾಕಾದವರು ಎದ್ದು ಬಂದು ಮೈ ಸೆಟೆಸಿ, ಕೈಕಾಲು ಆಡಿಸಿ ಹೋಗಬಹುದು.